ಕುದುರೆಮುಖದ ನೆತ್ತಿಯಲ್ಲಿ ಒಂದು ಹಳೆಯ ಟಿಪ್ಪಣಿ

ನವರಾತ್ರಿಯ ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ಮಲೆನಾಡಿನ ಆಕಾಶಕ್ಕೆ ಒಂದು ವಿಶೇಷ ನೈರ್ಮಲ್ಯ ಬರುತ್ತದೆ. ಶರತ್ಕಾಲವನ್ನು ನೀರು ತಿಳಿಯಾಗುವ ಕಾಲವೆಂದು ನಮ್ಮ ಪ್ರಾಚೀನ ಕವಿಗಳು ವರ್ಣಿಸಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಅಂಥದೊಂದು ದಿನ, ಅರವತ್ತಾರು ವರ್ಷದ ಮೊಣಕಾಲುಗಳನ್ನು ನಂಬಿ, ನಾನು ಕುದುರೆಮುಖದ ಶಿಖರವನ್ನೇರಲು ಹೊರಟೆ. ಮಗಳು ಬೇಡವೆಂದಳು, ವೈದ್ಯರು ‘ನಿಧಾನವಾಗಿ’ ಎಂದರು. ನಾನು ವೈದ್ಯರ ಮಾತನ್ನು ಆರಿಸಿಕೊಂಡೆ.

ಈಗ ಅಲ್ಲಿಗೆ ಮನಸ್ಸು ಬಂದಾಗ ಹೋಗುವಂತಿಲ್ಲ. ಮುಂಗಡವಾಗಿ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಮಂದಿ ಜಾತ್ರೆಯಂತೆ ನೆರೆದ ದೃಶ್ಯಗಳು ಹರಿದಾಡಿದ ಬಳಿಕ ಸರ್ಕಾರವು ಚಾರಣದ ಹಾದಿಗಳಿಗೆ ದಿನವೊಂದಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ಹೇರಿತು. ಶುಲ್ಕವನ್ನು ಏರಿಸಿ ಜನರನ್ನು ತಡೆಯುವುದಕ್ಕಿಂತ ಸಂಖ್ಯೆಯನ್ನೇ ಕಟ್ಟಿಹಾಕುವುದು ಮೇಲೆಂಬುದು ನನ್ನ ಅಭಿಪ್ರಾಯ. ಬೆಟ್ಟದ ಮೇಲೆ ಹಣವಂತನ ಕಾಲಿಗೂ ಬಡವನ ಕಾಲಿಗೂ ತೂಕ ಒಂದೇ.

ಸಂಸೆಯ ಸಮೀಪ ಮುಖ್ಯರಸ್ತೆಯನ್ನು ಬಿಟ್ಟು, ಎಲುಬುಗಳನ್ನೆಲ್ಲ ಪರೀಕ್ಷಿಸುವ ಜೀಪಿನ ಹಾದಿಯಲ್ಲಿ ಮುಳ್ಳೋಡಿ ತಲುಪಿದರೆ ಅಲ್ಲಿಂದ ನಡಿಗೆ. ಹೋಗಿಬರಲು ಸುಮಾರು ಹದಿನೆಂಟು ಕಿಲೋಮೀಟರ್. ಕತ್ತಲಾಗುವುದರೊಳಗೆ ಮರಳಲೇಬೇಕು, ಮೇಲೆ ತಂಗುವಂತಿಲ್ಲ. ಜೊತೆಗೆ ಬಂದ ಮಾರ್ಗದರ್ಶಿ ಆ ಕಡೆಯವನೇ ಆದ ಯುವಕ. ಇಂಬಳಗಳಿಗೆಂದು ಸುಣ್ಣ ಮತ್ತು ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ನನ್ನ ಕೈಗಿತ್ತು, “ನೀವು ಮುಂದೆ ನಡೀರಿ ಸಾರ್, ನಿಮ್ಮ ಹೆಜ್ಜೆಗೆ ನಾನು ಬರ್ತೀನಿ” ಎಂದ. ಅಧಿಕಾರದಲ್ಲಿದ್ದ ಮೂರು ದಶಕಗಳಲ್ಲಿ ಯಾರೂ ನನಗೆ ಇಷ್ಟು ಸೌಜನ್ಯದಿಂದ ‘ನೀವು ನಿಧಾನ’ ಎಂದು ಹೇಳಿರಲಿಲ್ಲ.

ಒಂಟಿಮರ ಎಂಬಲ್ಲಿಗೆ ಬರುವ ಹೊತ್ತಿಗೆ ಮೂರ್ನಾಲ್ಕು ತೊರೆಗಳನ್ನು ದಾಟಿದ್ದೆವು. ಮಳೆ ನಿಂತು ವಾರ ಕಳೆದಿದ್ದರೂ ನೀರು ಕಡಿಮೆಯಾಗಿರಲಿಲ್ಲ. ಕಾರಣ ಕಣ್ಣೆದುರಿಗೇ ಇತ್ತು: ಬೆಟ್ಟದ ಮೈತುಂಬ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಮುಂಗಾರಿನ ತಿಂಗಳುಗಳಲ್ಲಿ ಸುರಿಯುವ ಸಾವಿರಾರು ಮಿಲಿಮೀಟರ್ ಮಳೆಯನ್ನು ಈ ಹುಲ್ಲು, ಕಾಡು, ಕಪ್ಪು ಮಣ್ಣು ಹೀರಿಟ್ಟುಕೊಂಡು ಬೇಸಗೆಯವರೆಗೆ ತೊಟ್ಟುತೊಟ್ಟಾಗಿ ಬಿಡುತ್ತವೆ. ಹೊರಗಿನವರ ಕಣ್ಣಿಗೆ ಈ ಹುಲ್ಲುಗಾವಲು ಬೋಳುಗುಡ್ಡ. ಒಂದು ಕಾಲಕ್ಕೆ ನನ್ನ ಕಣ್ಣಿಗೂ ಅದು ಹಾಗೆಯೇ ಕಂಡಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ ಅನಿವಾರ್ಯ.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿರುವುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಗುರುತಿಸಿದ್ದರು. 1970ರ ದಶಕದಲ್ಲಿ ಇರಾನಿನ ಷಾ ಸರ್ಕಾರವು ಸಾಲ ನೀಡಿ, ಅದಿರನ್ನೂ ಕೊಳ್ಳುವ ಭರವಸೆಯಿತ್ತ ಮೇಲೆ, 1976ರಲ್ಲಿ ಸಾರ್ವಜನಿಕ ವಲಯದ ಕಂಪನಿ ಸ್ಥಾಪನೆಯಾಯಿತು. ಗಣಿ ಸಿದ್ಧವಾಗುವಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಇಲ್ಲವಾದದ್ದು ವಿಧಿಯ ವಿನೋದ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಹೂಳಿಗೆ ಲಖ್ಯಾದಲ್ಲಿ ಅಣೆಕಟ್ಟು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಗಣಿ ಗುತ್ತಿಗೆಯ ಅವಧಿ ಮುಗಿಯಿತು.

ಗುತ್ತಿಗೆ ಮುಂದುವರಿಯಬೇಕೇ ಎಂಬ ಚರ್ಚೆ ಬಿಸಿಯೇರಿದ್ದಾಗ ನಾನು ಒಂದು ಇಲಾಖೆಯಲ್ಲಿ ಮಧ್ಯಮ ಶ್ರೇಣಿಯ ಅಧಿಕಾರಿ. ಅರ್ಥಶಾಸ್ತ್ರದ ಎಂ.ಎ. ಎಂಬ ಕಾರಣಕ್ಕೆ ಟಿಪ್ಪಣಿಯೊಂದನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಜಿಗೆ ಬಂತು. ವಿದೇಶಿ ವಿನಿಮಯ, ರಾಜಧನ, ಉದ್ಯೋಗ, ಬಂದರಿನ ಆದಾಯ – ಎಲ್ಲಕ್ಕೂ ಅಂಕಣ ಹಾಕಿದೆ. ‘ಪರಿಸರ’ ಎಂಬ ಅಂಕಣದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಬರೆದೆ. ಒಬ್ಬರ ಲಾಭದ ವೆಚ್ಚವನ್ನು ಮತ್ತೊಬ್ಬರು ತೆರುವ ಬಗೆಯನ್ನು ಪಿಗೂ 1920ರಲ್ಲಿಯೇ ವಿವರಿಸಿದ್ದನ್ನು ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಗಳಿಸಿದ್ದ ನನಗೆ, ಬೆಟ್ಟದ ಕೆಳಗೆ ಭದ್ರೆಯೆಂಬ ಹೊಳೆಯಿದೆ, ಲಕ್ಕವಳ್ಳಿಯಲ್ಲಿ ಜಲಾಶಯವಿದೆ, ಅದನ್ನು ನಂಬಿ ಲಕ್ಷಕ್ಕೂ ಮಿಕ್ಕಿದ ಹೆಕ್ಟೇರ್ ಗದ್ದೆ-ತೋಟಗಳಿವೆ ಎಂಬುದು ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದರೆ ಸುಳ್ಳಾದೀತು, ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ, ಜಾಗ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಗಣಿ ಮುಂದುವರಿಯಬಹುದೆಂದು ಬರೆದು ಸಹಿ ಹಾಕಿದೆ. ಆ ಟಿಪ್ಪಣಿಯಿಂದ ಏನೂ ಆಗಲಿಲ್ಲವೆನ್ನುವುದು ನಿಜ. ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ತೀರ್ಪು ನೀಡಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಡತ ಯಾವುದೋ ಕಪಾಟಿನಲ್ಲಿರಬಹುದು. ಸಹಿ ಮಾತ್ರ ನನ್ನದೇ.

ಲೋಬೋ ಮನೆಯೆಂದು ಕರೆಯುವ ಕಲ್ಲುಗೋಡೆಗಳ ಅವಶೇಷದ ಬಳಿ ಬುತ್ತಿ ಬಿಚ್ಚಿದೆವು. ಮಾತಿನ ನಡುವೆ ಈ ಹಳೆಯ ಕಥೆಯನ್ನು ಹುಡುಗನಿಗೆ ಹೇಳಿದೆ. ಗಣಿ ನಿಂತದ್ದಕ್ಕೆ ಅವನು ಸಂತೋಷಪಟ್ಟಾನೆಂಬುದು ನನ್ನ ಎಣಿಕೆ. ಅವನು ಚಿತ್ರಾನ್ನದ ಎಲೆಯನ್ನು ಮಡಿಸುತ್ತ, “ನಮ್ಮಪ್ಪ ಅಲ್ಲೇ ಕಾಂಟ್ರಾಕ್ಟ್ ಕೆಲಸದಲ್ಲಿದ್ರು ಸಾರ್. ಮುಚ್ಚಿದ ಮೇಲೆ ಮೂರು ವರ್ಷ ಸರಿಯಾದ ಕೆಲಸ ಸಿಗಲಿಲ್ಲ. ಆವಾಗ ನಾನು ಒಂದನೇ ಕ್ಲಾಸು” ಎಂದ.

“ಅಪ್ಪ ಈಗ ಏನು ಮಾಡ್ತಾರಪ್ಪಾ?”

“ತೋಟದ ಕೆಲಸ. ಹೊಳೆ ನೀರು ಈಗ ಚೆನ್ನಾಗಿದೆ ಅಂತಾರೆ. ಆದ್ರೆ ಗಣಿ ಸಂಬಳದ ಮಾತು ಬಂದ್ರೆ ಸುಮ್ಮನಾಗ್ತಾರೆ.”

ನನ್ನ ಟಿಪ್ಪಣಿಯ ‘ಉದ್ಯೋಗ’ದ ಅಂಕಣದಲ್ಲಿ ಇದ್ದದ್ದು ಕಾಯಂ ನೌಕರರ ಸಂಖ್ಯೆ ಮಾತ್ರ. ಗುತ್ತಿಗೆ ಕೂಲಿಗಳು ಆ ಲೆಕ್ಕಕ್ಕೂ ಸೇರಿರಲಿಲ್ಲ. ಗಣಿ ಬೇಕೆಂದವರ ಪಟ್ಟಿಯಲ್ಲೂ ಬೇಡವೆಂದವರ ಪಟ್ಟಿಯಲ್ಲೂ ಅವನ ತಂದೆಗೆ ಸ್ಥಾನವಿರಲಿಲ್ಲ. ಎಲೆಯನ್ನು ಚೀಲಕ್ಕೆ ಹಾಕಿಕೊಂಡು ಅವನು ಎದ್ದ, ನಾನೂ ಎದ್ದೆ.

ಕೊನೆಯ ಏರು ನನ್ನ ಉಸಿರನ್ನೆಲ್ಲ ವಸೂಲು ಮಾಡಿತು. ಸುಮಾರು 1,890 ಮೀಟರ್ ಎತ್ತರದ ನೆತ್ತಿಯಲ್ಲಿ ಗಾಳಿ ಮೈಯನ್ನು ತಳ್ಳುತ್ತಿತ್ತು. ಪಶ್ಚಿಮಕ್ಕೆ ಬೆಟ್ಟ ಕಡಿದು ಬಿದ್ದಂತೆ ಇಳಿದು, ಕೆಳಗೆ ಬೆಳ್ತಂಗಡಿ ಸೀಮೆಯ ತೋಟಗಳು, ಅದರಾಚೆ ಕಡಲೋ ಆಕಾಶವೋ ತಿಳಿಯದ ಒಂದು ಬೂದುಗೆರೆ. ಪೂರ್ವಕ್ಕೆ ಮಡಿಕೆ ಮೇಲೆ ಮಡಿಕೆಯಾಗಿ ಹುಲ್ಲಿನ ಗುಡ್ಡಗಳು. ಅಕ್ಟೋಬರಿನ ಬಿಸಿಲಿಗೆ ಹಸಿರು ಆಗಷ್ಟೇ ಹೊಂಬಣ್ಣಕ್ಕೆ ತಿರುಗುತ್ತಿತ್ತು. ನಾನು ನಿಂತ ಬಂಡೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಭದ್ರೆಯಾಗಿ, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಭೂಪಟದಲ್ಲಿ ಇದನ್ನು ನೂರು ಸಲ ನೋಡಿದ್ದೆ. ಕೈಯಲ್ಲಿ ಬಾಟಲಿ ಹಿಡಿದು, ಯಾವ ಮಗ್ಗುಲಿಗೆ ಚೆಲ್ಲಲಿ ಎಂದು ಹುಡುಗಾಟಕ್ಕೆ ಕೇಳಿದೆ. “ಕುಡೀರಿ ಸಾರ್, ಇಳಿಯುವಾಗ ಬೇಕಾಗುತ್ತೆ” ಎಂದ ಅವನು.

ಇಳಿಯುವುದು ಏರುವುದಕ್ಕಿಂತ ಕಷ್ಟವೆಂಬುದನ್ನು ಅರವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಮುಳ್ಳೋಡಿಗೆ ಬಂದಾಗ ಐದೂವರೆ. ಚೀಲಗಳನ್ನು ಬಿಡಿಸಿ ಪ್ಲಾಸ್ಟಿಕ್ಕು ವಾಪಸು ಬಂದಿದೆಯೇ ಎಂದು ನೋಡಿದರು. ಹುಡುಗನ ಕೈಗೆ ನಿಗದಿಗಿಂತ ಸ್ವಲ್ಪ ಹೆಚ್ಚು ಹಣವಿಡಲು ಹೋದೆ. ಅವನು ಎಣಿಸಿ, ಹೆಚ್ಚಿನದನ್ನು ಹಿಂದಿರುಗಿಸಿದ.

ಕಾರ್ಕಳದ ಕಡೆಗೆ ಮರಳುವ ರಸ್ತೆ ಗಣಿಯ ಹಳೆಯ ಪಟ್ಟಣವನ್ನು ಹಾದುಹೋಗುತ್ತದೆ. ಸಾಲುಸಾಲು ಮನೆಗಳು, ಬಹುಪಾಲು ಕಿಟಕಿಗಳಲ್ಲಿ ಕತ್ತಲೆ. ಕಾರು ನಿಲ್ಲಿಸಲು ಹೇಳಿ ಇಳಿದೆ. ರಸ್ತೆಯ ಕೆಳಗೆ ಎಲ್ಲೋ ಭದ್ರೆಯ ಸದ್ದು ಕೇಳಿಸುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಚಾಲಕ ಹಾರನ್ ಒತ್ತಿ, ತನಿಖಾ ಠಾಣೆಯವರು ಚೀಟಿಯಲ್ಲಿ ಬರೆದುಕೊಟ್ಟ ಸಮಯ ಮೀರುತ್ತಿದೆಯೆಂದು ಕೂಗಿದ.