ಕಲ್ಲು ಬಡಿದು ಎದ್ದ ಕಾರಿನ ಬಣ್ಣಕ್ಕೆ ಟೂತ್‌ಪೇಸ್ಟ್ ಮದ್ದೇ?

ಬನ್ನೂರು ಕಡೆಯಿಂದ ಕಿರುಗಾವಲು ಹಾದು ಮಳವಳ್ಳಿಗೆ ಕಾರಿನಲ್ಲಿ ಓಡಾಡುವವರಿಗೆ ‘ಟಕ್’ ಎನ್ನುವ ಆ ಸದ್ದು ಗೊತ್ತೇ ಇರುತ್ತದೆ. ಮುಂದೆ ಜಲ್ಲಿ ಟಿಪ್ಪರೋ ಕಬ್ಬಿನ ಟ್ರ್ಯಾಕ್ಟರೋ ಹೋಗುತ್ತಿರುತ್ತದೆ, ಅದರ ಚಕ್ರಕ್ಕೆ ಸಿಕ್ಕ ಕಲ್ಲಿನ ಚೂರು ಹಾರಿ ಬಾನೆಟ್‌ಗೆ ಬಡಿಯುತ್ತದೆ. ಮನೆಗೆ ಬಂದು ನೋಡಿದರೆ ಸಾಸಿವೆ ಕಾಳಿನಷ್ಟು ಬಣ್ಣ ಎದ್ದಿರುತ್ತದೆ. ‘ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಗ್ಯಾರೇಜಿಗೆ ದುಡ್ಡು ಸುರಿಯಬೇಡಿ’ ಎಂಬ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುವುದು ಇಂಥವರಿಗಾಗಿಯೇ. ಇದರಲ್ಲಿ ನಿಜವೆಷ್ಟು?

ಕಾರ್ಖಾನೆಯಲ್ಲಿ ಕಾರಿಗೆ ಹಾಕುವುದು ಒಂದೇ ಬಣ್ಣವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ಕೂದಲೆಳೆಯ ದಪ್ಪ ಅಷ್ಟೇ.

ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕೊಳೆ ತೆಗೆಯುವ ನಯವಾದ ಪುಡಿ ಇರುತ್ತದೆ. ಕ್ಲಿಯರ್ ಕೋಟ್ ಮೇಲಿನ ತೆಳು ಗೀರನ್ನು ಅದು ಸ್ವಲ್ಪ ಸವೆಸಿ ಮರೆಮಾಡಬಲ್ಲದು. ವಿಡಿಯೋದಲ್ಲಿ ಮಾಯವಾಗುವುದು ಅಂಥ ಗೀರು. ಆದರೆ ಕಲ್ಲು ಬಡಿದಲ್ಲಿ ಆಗಿರುವುದು ಗುಂಡಿ. ಉಜ್ಜುವುದರಿಂದ ಗುಂಡಿ ತುಂಬುವುದಿಲ್ಲ, ಸುತ್ತಲಿನ ಒಳ್ಳೆಯ ಪದರವೇ ತೆಳ್ಳಗಾಗುತ್ತದೆ. ಒಳಗೆ ಸೇರಿದ ಬಿಳಿ ಪೇಸ್ಟ್ ಒಣಗಿ, ಒಂದೆರಡು ದಿನ ವಾಸಿಯಾದಂತೆ ಕಾಣಬಹುದು!

ನೇಲ್ ಪಾಲಿಶ್ ಸಲಹೆಯೂ ಇದೆ. ಅದು ನೀರನ್ನು ಕೆಲವು ದಿನ ತಡೆದೀತು, ಆದರೆ ಬಣ್ಣ ಹೊಂದುವುದಿಲ್ಲ, ಬಿಸಿಲಿಗೆ ಸಿಪ್ಪೆ ಏಳುತ್ತದೆ. ಅದನ್ನು ತೆಗೆಯಲು ರಿಮೂವರ್ ಹಾಕಿದರೆ ಕಾರಿನ ಬಣ್ಣಕ್ಕೂ ಪೆಟ್ಟು.

ಮೊದಲು ಗುಂಡಿಯ ತಳ ನೋಡಿ. ಮಾಸಲು ಬೂದಿ ಅಥವಾ ಬಿಳಿ ಕಂಡರೆ ಪ್ರೈಮರ್ ಉಳಿದಿದೆ, ಅವಸರವಿಲ್ಲ. ತಗಡು ಹೊಳೆಯುತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಮುಚ್ಚಿ. ಕಂದು ಬಣ್ಣವಿದ್ದರೆ ತುಕ್ಕು ಶುರುವಾಗಿದೆ, ಅದು ಬಣ್ಣದ ಅಡಿಯಲ್ಲೇ ಹರಡುತ್ತದೆ. ಬಂಪರ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಅದಕ್ಕೆ ತುಕ್ಕಿನ ಭಯವಿಲ್ಲ.

ನಿಮ್ಮ ಕಾರಿನ ಬಣ್ಣದ ಕೋಡ್ ಹೆಚ್ಚಾಗಿ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿರುತ್ತದೆ. ಬರೀ ‘ಬಿಳಿ’ ಎಂದು ಕೇಳಿದರೆ ಪ್ರಯೋಜನವಿಲ್ಲ, ಬಿಳಿಯಲ್ಲೇ ಹಲವು ಬಗೆ. ಅದೇ ಕೋಡಿನ ಟಚ್‌ಅಪ್ ಬಾಟಲಿ ತನ್ನಿ. ನೆರಳಿನಲ್ಲಿ, ತಣ್ಣಗಿರುವ ಬಾನೆಟ್ ಮೇಲೆ ಕೆಲಸ ಮಾಡಿ. ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮೇಣ, ಜಿಡ್ಡು ಒರೆಸಿ. ತುಕ್ಕಿದ್ದರೆ ನಯವಾದ ಉಪ್ಪುಕಾಗದದ ತುದಿಯಿಂದ ಗುಂಡಿಯೊಳಗೆ ಮಾತ್ರ ಕೆರೆಯಿರಿ. ತಗಡು ಕಂಡಲ್ಲಿ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಬಾಟಲಿಯ ಬ್ರಷ್ ಇದಕ್ಕೆ ತುಂಬಾ ದಪ್ಪ, ಹಲ್ಲುಕಡ್ಡಿಯ ತುದಿಯೇ ವಾಸಿ. ಒಂದೇ ಸಲ ದಪ್ಪಗೆ ಸುರಿಯದೆ, ಒಣಗಲು ಬಿಟ್ಟು ಎರಡು ಮೂರು ಬಾರಿ ಚುಕ್ಕೆ ಇಡಿ. ಹತ್ತಿರದಲ್ಲಿ ಬೆಂಕಿ, ಬೀಡಿ ಬೇಡ.

ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರುತ್ತಾರೆ. ಮನೆಯ ಚುಕ್ಕೆಗೆ ಆ ಗಟ್ಟಿತನ ಬರುವುದಿಲ್ಲ, ಬಗ್ಗಿ ನೋಡಿದರೆ ಗುರುತೂ ಕಾಣುತ್ತದೆ. ನೀರು ಒಳಗೆ ಇಳಿಯದಿದ್ದರೆ ಕೆಲಸ ಆದಂತೆಯೇ. ಗುಂಡಿಯ ಸುತ್ತ ಬಣ್ಣ ಗುಳ್ಳೆ ಎದ್ದಿದ್ದರೆ ಮಾತ್ರ ಬಾಟಲಿ ಕೊಳ್ಳಬೇಡಿ, ನೇರ ಪೇಂಟರ್ ಬಳಿ ಹೋಗಿ.