ಹೆಂಡತಿ ಮಕ್ಕಳು ದೋಣಿ ಹತ್ತುವ ಮೊದಲು

2025ರ ಸೆಪ್ಟೆಂಬರ್ 4ರ ಮಧ್ಯಾಹ್ನ 3 ಗಂಟೆಗೆ ಬ್ರಿಟನ್ ಸರ್ಕಾರ, ಹೊಸ ನಿಯಮ ಬರೆಯುವ ತನಕ ಎಂದು, ಒಂದು ಬಗೆಯ ಅರ್ಜಿಯನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ನಿರಾಶ್ರಿತರೆಂದು ಮಾನ್ಯತೆ ಪಡೆದವರು ಹಿಂದೆ ಉಳಿದ ಹೆಂಡತಿಯನ್ನೋ ಗಂಡನನ್ನೋ, 18 ತುಂಬದ ಮಕ್ಕಳನ್ನೋ ಕರೆಸಿಕೊಳ್ಳಲು ಹಾಕುತ್ತಿದ್ದ ಅರ್ಜಿ ಅದು. ಅದಕ್ಕೆ ಶುಲ್ಕವಿರಲಿಲ್ಲ, ಸಂಬಳದ ಲೆಕ್ಕವನ್ನೂ ಯಾರೂ ಕೇಳುತ್ತಿರಲಿಲ್ಲ. ಆ ವರ್ಷದ ಜೂನ್‌ಗೆ ಮುಗಿದ ಹನ್ನೆರಡು ತಿಂಗಳಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿಗೆ ಈ ವೀಸಾ ಸಿಕ್ಕಿತ್ತು. ಬಹುಪಾಲು ಹೆಂಗಸರು, ಮಕ್ಕಳು.

ಈಗ ಅವರೂ ಎಲ್ಲರಂತೆ ಸಾಮಾನ್ಯ ಕುಟುಂಬ ವೀಸಾಕ್ಕೇ ಹೋಗಬೇಕು. ಸಂಗಾತಿಯನ್ನು ಕರೆಸಲು ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಬರುವವರು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಶುಲ್ಕ ಕಟ್ಟಬೇಕು. ಅಲ್ಲಿ ನೆಲೆಸಿ ಮದುವೆಯಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲು ಓಡಾಡಿದ ಕನ್ನಡಿಗರಿಗೆ ಈ ಅಂಕಿ ಗೊತ್ತಿರುತ್ತದೆ. 2024ರ ಏಪ್ರಿಲ್‌ನಲ್ಲಿ ಅದು 18,600ರಿಂದ ಒಂದೇ ಏಟಿಗೆ ಇಲ್ಲಿಗೆ ಏರಿತು. ಅರ್ಜಿ ಇತ್ಯರ್ಥವಾಗುವ ತನಕ ದುಡಿಯಲು ಹೆಚ್ಚುಕಡಿಮೆ ಅವಕಾಶವೇ ಇಲ್ಲದ, ಮಾನ್ಯತೆ ಸಿಕ್ಕೊಡನೆ ಸರ್ಕಾರಿ ವಸತಿ ಬಿಟ್ಟು ಬಾಡಿಗೆ ಕೋಣೆ ಹುಡುಕಬೇಕಾದ ಮನುಷ್ಯನಿಗೆ ಆ ಮೊತ್ತ ಮುಟ್ಟಲು ಎಷ್ಟು ವರ್ಷ ಬೇಕು?

ಮಾನ್ಯತೆ ಸಿಕ್ಕ ಕೂಡಲೇ ಸಂಸಾರ ಬಂದಿಳಿಯುತ್ತದೆ, ಮನೆ ಒದಗಿಸುವ ಹೊರೆ ಸ್ಥಳೀಯ ಆಡಳಿತದ ಮೇಲೆ ಬೀಳುತ್ತದೆ ಎನ್ನುವುದು ಸರ್ಕಾರದ ವಾದ. ಮನೆಗಳ ಅಭಾವ ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಬಾಗಿಲು ಮುಚ್ಚಿದರೆ ಏನಾಗುತ್ತದೆಂದು ಊಹಿಸಬೇಕಾಗಿಯೇ ಇಲ್ಲ. ಆಸ್ಟ್ರೇಲಿಯಾ ಇದನ್ನು ಮಾಡಿ ನೋಡಿದೆ.

1999ರ ಅಕ್ಟೋಬರ್‌ನಲ್ಲಿ ಆ ದೇಶ, ವೀಸಾ ಇಲ್ಲದೆ ಬಂದು ನಿರಾಶ್ರಿತರೆಂದು ಸಾಬೀತಾದವರಿಗೆ ಮೂರು ವರ್ಷದ ತಾತ್ಕಾಲಿಕ ವೀಸಾ ಕೊಡತೊಡಗಿತು. ಕುಟುಂಬವನ್ನು ಕರೆಸುವಂತಿಲ್ಲ. ನೋಡಿ ಬರೋಣವೆಂದು ದೇಶ ಬಿಟ್ಟರೆ ವಾಪಸು ಬರುವಂತಿಲ್ಲ. ದೋಣಿಗಳು ನಿಲ್ಲಲಿ ಎಂಬುದು ಉದ್ದೇಶ. 1999ರಲ್ಲಿ ದೋಣಿಯಲ್ಲಿ ಬಂದವರು 3,721 ಮಂದಿ, 2001ರಲ್ಲಿ 5,516. ಬಂದವರಲ್ಲಿ ಹೆಂಗಸರು ಮಕ್ಕಳ ಪಾಲೂ ಹೆಚ್ಚಿತು. ಗಂಡನನ್ನು ಸೇರಲು ಅವರಿಗೆ ಉಳಿದಿದ್ದದ್ದು ಸಮುದ್ರವೊಂದೇ.

2001ರ ಅಕ್ಟೋಬರ್ 19ರಂದು ಇಂಡೊನೇಷ್ಯಾದಿಂದ ಹೊರಟ ಮೀನುಗಾರಿಕೆ ದೋಣಿಯೊಂದು ಮುಳುಗಿತು. ಇಪ್ಪತ್ತು ಮೀಟರೂ ಇಲ್ಲದ ಆ ದೋಣಿಯಲ್ಲಿ ತುಂಬಿದ್ದವರು ನಾನೂರರಷ್ಟು ಮಂದಿ. ಸತ್ತವರು 353, ಅವರಲ್ಲಿ 146 ಮಕ್ಕಳು, 142 ಹೆಂಗಸರು, 65 ಗಂಡಸರು. ದೋಣಿಗೆ ಮೊದಲು ಹೆಸರಿರಲಿಲ್ಲ, ಮುಂದೆ ‘ಸೀವ್ ಎಕ್ಸ್’ ಎಂದು ಕರೆದರು. ಅದರಲ್ಲಿದ್ದ ಒಬ್ಬ ಇರಾಕಿ ತಾಯಿ ಬದುಕಿದಳು, ಮೂವರು ಪುಟ್ಟ ಹೆಣ್ಣುಮಕ್ಕಳು ಉಳಿಯಲಿಲ್ಲ. ಗಂಡ ಸಿಡ್ನಿಯಲ್ಲಿದ್ದ, ಕೈಯಲ್ಲಿ ಅದೇ ತಾತ್ಕಾಲಿಕ ವೀಸಾ. ಹೆಂಡತಿಯ ಬಳಿಗೆ ಹೋದರೆ ಮರಳಿ ಬರುವ ಹಕ್ಕು ಹೋಗುತ್ತಿತ್ತು. ಮೂರು ಮಕ್ಕಳನ್ನು ಕಳೆದುಕೊಂಡ ಗಂಡಹೆಂಡತಿ ಒಂದೇ ಕಡೆ ಕೂತು ಅಳಲಿಕ್ಕೂ ನಿಯಮ ಬಿಡಲಿಲ್ಲ. ಅವಳನ್ನು ಆಸ್ಟ್ರೇಲಿಯಾಕ್ಕೆ ಬಿಟ್ಟುಕೊಂಡದ್ದು ತಿಂಗಳುಗಳ ನಂತರ.

ನೀರಿಗಿಳಿಯದವರಿಗೂ ಏಟು ತಪ್ಪುವುದಿಲ್ಲ. ಸಿಡ್ನಿಯಲ್ಲಿದ್ದ 315 ಮಂದಿ ಇರಾಕಿ ಮ್ಯಾಂಡಿಯನ್ ಎಂಬ ಅಲ್ಪಸಂಖ್ಯಾತ ಪಂಗಡದ ನಿರಾಶ್ರಿತರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದವರು ಇನ್ನೂ ಇರಾಕಿನಲ್ಲೇ ಇದ್ದವರಿಗೆ ಆಘಾತದ ಕಾಯಿಲೆ, ಖಿನ್ನತೆ, ದಿನದ ಕೆಲಸ ಮಾಡಲಾಗದ ಸ್ಥಿತಿ ಮೂರೂ ಹೆಚ್ಚಿದ್ದವು. ಡೆನ್ಮಾರ್ಕ್‌ನಲ್ಲಿ ಆರೋಗ್ಯ ದಾಖಲೆಗಳನ್ನಿಟ್ಟುಕೊಂಡು 24 ವರ್ಷಗಳ ಅವಧಿಗೆ ನಿರಾಶ್ರಿತ ತಂದೆಯರನ್ನು ಗಮನಿಸಿದಾಗಲೂ ಹೆಂಡತಿ ಮಕ್ಕಳಿಂದ ದೂರ ಉಳಿದವರಲ್ಲಿ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚೆಂದು ಕಂಡಿತು. ರಾತ್ರಿಯೆಲ್ಲ ಫೋನು ಹಿಡಿದು ಕೂರುವವನು ಹಗಲು ಭಾಷೆ ಕಲಿತು, ಕೆಲಸ ಹಿಡಿದು, 29,000 ಪೌಂಡ್ ದುಡಿಯಲಿ ಎನ್ನುತ್ತಿದೆ ಬ್ರಿಟನ್.

ಬ್ರಿಟನ್ ಒಂದೇ ಅಲ್ಲ. ಪೂರ್ಣ ನಿರಾಶ್ರಿತ ಮಾನ್ಯತೆಗಿಂತ ಕೆಳಗಿನ ದರ್ಜೆಯ ರಕ್ಷಣೆ ಪಡೆದವರಿಗೆ ಜರ್ಮನಿ 2025ರ ಜುಲೈನಿಂದ ಎರಡು ವರ್ಷ ಕುಟುಂಬವನ್ನು ಕರೆಸುವ ಅವಕಾಶ ತಡೆಹಿಡಿದಿದೆ. ಡೆನ್ಮಾರ್ಕ್ ಇಂಥವರಿಗೇ ಹೇರಿದ್ದ ಮೂರು ವರ್ಷದ ಕಾಯುವಿಕೆ ಕುಟುಂಬ ಜೀವನದ ಹಕ್ಕಿಗೆ ವಿರುದ್ಧವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲೇ ತೀರ್ಪು ಕೊಟ್ಟಿತ್ತು. ಹಾಗಿದ್ದೂ 2025ರ ನವೆಂಬರ್‌ನಲ್ಲಿ ಬ್ರಿಟನ್ ತನ್ನ ಹೊಸ ಆಶ್ರಯ ನೀತಿಗೆ ಡೆನ್ಮಾರ್ಕ್‌ನಿಂದಲೇ ಪಾಠ ಕಲಿತೆವೆಂದಿತು. ಕುಟುಂಬವನ್ನು ಕರೆಸುವುದು ಇನ್ನು ತಾನಾಗಿ ಸಿಗುವ ಹಕ್ಕಲ್ಲ ಎಂದೂ ಹೇಳಿತು.

ಇಂಗ್ಲಿಷ್ ಕಾಲುವೆ ದಾಟುವ ರಬ್ಬರ್ ದೋಣಿಗಳಲ್ಲಿ ಈವರೆಗೆ ಬಂದವರು ಹೆಚ್ಚಾಗಿ ವಯಸ್ಕ ಗಂಡಸರು. ಅಪ್ಪ ಮುಂದೆ ಹೋಗಿ ವೀಸಾ ಕಳಿಸುತ್ತಾನೆಂದು ಎಷ್ಟೋ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕಾದರು. 2024ರಲ್ಲಿ ಆ ನೀರಿನಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತರು. ಇನ್ನು ವೀಸಾ ಬರುವುದಿಲ್ಲವೆಂದು ಗೊತ್ತಾದ ತಾಯಿ ದಲ್ಲಾಳಿಗೆ ಹಣ ಹೊಂದಿಸತೊಡಗುತ್ತಾಳೆ. ಇದೇ ನನ್ನ ಭಯ.

ಅದರಲ್ಲೂ ಹದಿನಾರು ದಾಟಿದ ಮಗನೋ ಮಗಳೋ ಇದ್ದರೆ ಹೊತ್ತು ಇನ್ನೂ ಕಡಿಮೆ. 18 ತುಂಬಿದ ದಿನ ಆ ಮಗು ಕಾನೂನಿನ ಲೆಕ್ಕದಲ್ಲಿ ಕುಟುಂಬದಿಂದ ಹೊರಗೆ. ತಾಯಿಗೂ ತಮ್ಮಂದಿರಿಗೂ ಮುಂದೆಂದಾದರೂ ವೀಸಾ ಬಂದರೆ ಆ ಮಗು ಒಂಟಿಯಾಗಿ ಹಿಂದೆ ಉಳಿಯುತ್ತದೆ. ಹೊಸ ನಿಯಮ ಬರೆದು ಮುಗಿಸುವ ತನಕ ಕಾಯದೆ, ಕನಿಷ್ಠ ಇಂಥ ಮಕ್ಕಳಿರುವ ಮನೆಗಳ ಅರ್ಜಿಗಳನ್ನಾದರೂ ಬ್ರಿಟನ್ ಕೂಡಲೇ ತೆಗೆದುಕೊಳ್ಳಬೇಕು.