ಹೊಲ ಮಾರುವ ಮುನ್ನ ಈ ಲೆಕ್ಕ ಮಾಡಿ

ನೀವು ಬೆಂಗಳೂರಿನ ಆಫೀಸಲ್ಲಿದ್ದೀರಿ. ಆಳಂದದಿಂದಲೋ ಜೇವರ್ಗಿಯಿಂದಲೋ ಅಪ್ಪನ ರಿಪೋರ್ಟ್ ವಾಟ್ಸಾಪ್‌ಗೆ ಬರುತ್ತೆ: ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಹಿಂದೆಯೇ ಅವ್ವನ ಫೋನು, ‘ತೊಗರಿ ಹೊಲ ಮಾರೂಣೇನು ತಮ್ಮಾ?’

ತಡೀರಿ. ಇಜಿಎಫ್‌ಆರ್ ಟೆಸ್ಟ್ ಆಗಿದೆಯಾ, ಮೊದಲು ಕೇಳಿ. ಆ ಜೀನ್‌ನಲ್ಲಿ ಬದಲಾವಣೆ ಇದ್ದವರಿಗೇ ಗೆಫಿಟಿನಿಬ್, ಎರ್ಲೋಟಿನಿಬ್, ಒಸಿಮರ್ಟಿನಿಬ್ ಮಾತ್ರೆಗಳಿಂದ ನಿಜವಾದ ಲಾಭ. ಉಳಿದವರಿಗೆ ದುಡ್ಡೂ ಹೋಯ್ತು, ಸಮಯವೂ ಹೋಯ್ತು.

ಮೊದಲೆರಡರ ಜನರಿಕ್ ನಮ್ಮ ದೇಶದಲ್ಲೇ ತಯಾರಾಗುತ್ತವೆ. 2008ರಲ್ಲಿ ಸಿಪ್ಲಾ ಎರ್ಲೋಟಿನಿಬ್ ತಂದಾಗ ಮಾತ್ರೆಗೆ ಸುಮಾರು 1,600 ರೂ.; ಮೂಲ ಬ್ರ್ಯಾಂಡಿಗೆ 4,800. ಒಸಿಮರ್ಟಿನಿಬ್ ದುಬಾರಿ. 2024ರಲ್ಲಿ ಅದರ ಆಮದು ಸುಂಕ ತೆಗೆದರೂ ಮನೆಗೆ ಹೊರೆಯೇ.

ಲಾಭ ಎಷ್ಟು? ಫ್ಲಾರಾ ಅಧ್ಯಯನದಲ್ಲಿ ಒಸಿಮರ್ಟಿನಿಬ್ ಪಡೆದವರ ಬದುಕಿನ ಮಧ್ಯಾಂಕ 38.6 ತಿಂಗಳು, ಹಳೆಯ ಮಾತ್ರೆಗಳದ್ದು 31.8. ಒಟ್ಟು ಖರ್ಚಿನ ವ್ಯತ್ಯಾಸವನ್ನು ಈ ಸುಮಾರು ಏಳು ತಿಂಗಳಿಗೆ ಭಾಗಿಸಿ. ಹೆಚ್ಚುವರಿ ಒಂದೊಂದು ತಿಂಗಳಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ. ಆದರೆ ಅದು ಗುಂಪಿನ ಅಂಕಿ, ಅಪ್ಪನಿಗೆ ಕೊಟ್ಟ ಗ್ಯಾರಂಟಿ ಅಲ್ಲ.

ನಡುದಾರಿಯೂ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನದಲ್ಲಿ ಗೆಫಿಟಿನಿಬ್ ಜೊತೆ ಕೀಮೋ ಕೊಟ್ಟಾಗ ಕಾಯಿಲೆ ಹತೋಟಿಯಲ್ಲಿದ್ದ ಕಾಲ 8ರಿಂದ 16 ತಿಂಗಳಿಗೆ ಏರಿತು. ಅಡ್ಡಪರಿಣಾಮ ಮಾತ್ರ ಜಾಸ್ತಿ. ಅಫಜಲಪುರದಿಂದ ಕಲಬುರಗಿಗೆ ಓಡಾಟ, ಜೊತೆಗೆ ಬಂದವರ ಕೂಲಿ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಔಷಧಿ ಅದರಲ್ಲಿ ಬರುತ್ತೆ ಅಂತ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ವಿಚಾರಿಸಿ.

ಅವ್ವನಿಗೆ ಹೇಳಿ: ಮೊದಲು ಟೆಸ್ಟ್, ಹೊಲದ ಮಾತು ಆಮೇಲೆ.